ಪಿಕಪ್ ಇಂಜಿನ್‌ನಲ್ಲಿ ಮುಂಜಾನೆ ಕರಕರ ಸದ್ದೇ? ಟೈಮಿಂಗ್ ಚೈನ್ ಸವೆತ ಗುರುತಿಸುವುದು ಹೀಗೆ

ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಜೀವಾಮೃತ, ಹೊದಿಕೆ, ಮಾವಿನ ಹೂ ಉದುರುವುದು ಇಂಥ ವಿಷಯ. ಈ ವಾರ ತೋಟದಿಂದ ಹೊರಗೆ, ರಸ್ತೆಗೆ ಬಂದಿದ್ದೇನೆ. ಕಾರಣ ಇದೆ.

ಸವಣೂರಿನ ಗೆಳೆಯನೊಬ್ಬ ಎಲೆಬಳ್ಳಿ ತೋಟ ಮಾಡುತ್ತಾನೆ. ಸ್ವಂತ ಪಿಕಪ್ ಇದೆ, ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ. ಒಂದು ದಿನ ವಾಟ್ಸಾಪ್‌ನಲ್ಲಿ ಹತ್ತು ಸೆಕೆಂಡಿನ ಆಡಿಯೋ ಕಳಿಸಿ ಕೇಳಿದ: "ಅಣ್ಣಾ, ಮುಂಜಾನೆ ಸ್ಟಾರ್ಟ್ ಮಾಡಿದ ಕೂಡಲೆ ಕರಕರ ಅಂತೈತಿ, ಆಮ್ಯಾಲೆ ಸುಮ್ಮನಾಗತೈತಿ. ಏನಾಗಿರಬೇಕು?" ನನ್ನ ಗಾಡಿಯೂ ಹಾಗೇ ಸದ್ದು ಮಾಡುತ್ತಿತ್ತು. ನಾನು ತೋರಿಸಿದ ಗ್ಯಾರೇಜ್‌ನವರು "ಟ್ಯಾಪೆಟ್" ಎಂದಿದ್ದರು. ಅದನ್ನೇ ಅವನಿಗೂ ಹೇಳಿದೆ: "ಟ್ಯಾಪೆಟ್ ಇರ್ಬೇಕು ಬಿಡೋ. ಸೀಸನ್ ಮುಗಿದ ಮ್ಯಾಲೆ ನೋಡಿಸು. ಏನಾಗಂಗಿಲ್ಲ."

ಆರು ವಾರಕ್ಕೆ ಆಯಿತು. ಹುಬ್ಬಳ್ಳಿಗೆ ಎಲೆ ಹೇರಿಕೊಂಡು ಹೊರಟವನ ಗಾಡಿ ಶಿಗ್ಗಾಂವಿ ದಾಟಿ, ತಡಸ ಕ್ರಾಸ್ ಮುಟ್ಟುವ ಮೊದಲೇ ಹೈವೇ ಮೇಲೆ ಒಮ್ಮೆಲೇ ಬಂದ್ ಬಿತ್ತು. ಗಾಬರಿಯಲ್ಲಿ ಮತ್ತೆ ಮತ್ತೆ ಸೆಲ್ಫ್ ಹೊಡೆದ. ಟೈಮಿಂಗ್ ಚೈನ್ ಹಲ್ಲು ಹಾರಿತ್ತು, ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗಿದ್ದವು. ಹೆಡ್ ಇಳಿಸಿ ಕೆಲಸ ಮುಗಿಯುವ ಹೊತ್ತಿಗೆ ಮೂರು ವಾರ ಹೋಯಿತು. ಆ ದಿನದ ಎಲೆ ಬಿಸಿಲಿಗೆ ಬಾಡಿತು. ಉಳಿದ ದಿನ ಬಾಡಿಗೆ ಗಾಡಿಯಲ್ಲಿ ಕಳಿಸಿದ. ಅವನು ಇವತ್ತಿಗೂ ನನಗೆ ಒಂದು ಮಾತು ಅಂದಿಲ್ಲ. ಆದರೆ "ಏನಾಗಂಗಿಲ್ಲ" ಎಂದವನು ನಾನೇ ಅಲ್ಲವೇ?

ಅದಾದ ಮೇಲೆ ನನ್ನ ಗಾಡಿಯನ್ನು ಸರಿಯಾಗಿ ನೋಡಿಸಿದೆ, ಕಲಿತೆ. ಕಲಿತದ್ದು ಇಲ್ಲಿದೆ. ಓದಿ, ನಿಮ್ಮ ಗಾಡಿಯ ಹತ್ತಿರ ಹೋಗಿ ಒಮ್ಮೆ ಕಿವಿ ಕೊಡಿ.

ಟೈಮಿಂಗ್ ಚೈನ್ ಮಾಡುವ ಕೆಲಸ ಏನು?

ಇಂಜಿನ್ ಕೆಳಗೆ ಕ್ರ್ಯಾಂಕ್, ಮೇಲೆ ಕ್ಯಾಮ್. ಕ್ರ್ಯಾಂಕ್ ಪಿಸ್ಟನ್‌ಗಳನ್ನು ಏರಿಸಿ ಇಳಿಸುತ್ತದೆ, ಕ್ಯಾಮ್ ವಾಲ್ವ್‌ಗಳನ್ನು ತೆರೆದು ಮುಚ್ಚುತ್ತದೆ. ಕ್ರ್ಯಾಂಕ್ ಎರಡು ಸುತ್ತು ಹಾಕಿದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ಹಾಕಬೇಕು. ಈ ಎರಡನ್ನೂ ಜೋಡಿಸಿ ಹಿಡಿಯುವುದೇ ಟೈಮಿಂಗ್ ಚೈನ್. ಸೈಕಲ್ ಚೈನ್ ತರಹವೇ, ಆದರೆ ಇಂಜಿನ್ ಒಳಗೆ, ಆಯಿಲ್‌ನಲ್ಲಿ ನೆನೆಯುತ್ತಾ ತಿರುಗುತ್ತದೆ.

ಚೈನ್ ಜೊತೆ ಇನ್ನೆರಡು ಭಾಗ ಇರುತ್ತವೆ. ಒಂದು ಗೈಡ್: ಚೈನ್ ಒಲೆದಾಡದಂತೆ ಪಕ್ಕಕ್ಕೆ ಹಿಡಿಯುವ ಪಟ್ಟಿ, ಅದರ ಮೈ ಪ್ಲಾಸ್ಟಿಕ್. ಇನ್ನೊಂದು ಟೆನ್ಷನರ್: ಸಡಿಲ ಬದಿಯನ್ನು ಒತ್ತಿ ಬಿಗಿ ಇಡುವ ಸಣ್ಣ ಪಿಸ್ಟನ್. ಬಹಳಷ್ಟು ಇಂಜಿನ್‌ಗಳಲ್ಲಿ ಈ ಟೆನ್ಷನರ್ ಕೆಲಸ ಮಾಡುವುದು ಇಂಜಿನ್ ಆಯಿಲ್‌ನ ಒತ್ತಡದಿಂದ. ಈ ಒಂದು ಮಾತು ನೆನಪಿಡಿ, ಮುಂದಿನ ಅರ್ಧ ಪಾಠ ಇದರಲ್ಲೇ ಇದೆ.

ಎಲ್ಲ ಗಾಡಿಗಳಲ್ಲೂ ಚೈನ್ ಇರುವುದಿಲ್ಲ. ಕೆಲವಕ್ಕೆ ರಬ್ಬರ್ ಬೆಲ್ಟ್, ಕೆಲವು ಡೀಸೆಲ್ ಇಂಜಿನ್‌ಗೆ ಗೇರ್, ಇನ್ನು ಕೆಲವಕ್ಕೆ ಗೇರ್ ಮತ್ತು ಚೈನ್ ಎರಡೂ. ಮಾರುತಿಯ ಕೆ-ಸೀರೀಸ್ ಪೆಟ್ರೋಲ್ ಇಂಜಿನ್‌ನಲ್ಲಿ ಚೈನ್ ಇದೆ. 2023ರಿಂದ ಸೂಪರ್ ಕ್ಯಾರಿ ಗಾಡಿಗೆ ಬರುತ್ತಿರುವುದು ಇದೇ ಕುಟುಂಬದ 1.2 ಲೀಟರ್ ಇಂಜಿನ್. ಒಂದೇ ಹೆಸರಿನ ಪಿಕಪ್‌ಗೆ ಬೇರೆ ಬೇರೆ ವರ್ಷ ಬೇರೆ ಬೇರೆ ಇಂಜಿನ್ ಬಂದಿರುತ್ತದೆ. ಹಾಗಾಗಿ ಮೊದಲು ನಿಮ್ಮ ಗಾಡಿಯ ಕೈಪಿಡಿ ನೋಡಿ, ಇಲ್ಲವೇ ಇಂಜಿನ್ ನಂಬರ್ ಹೇಳಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿ. ಬೆಲ್ಟ್ ಇದ್ದರೆ ಈ ಲೇಖನದ ಸದ್ದಿನ ಪಾಠ ನಿಮಗಲ್ಲ. ಬೆಲ್ಟ್ ಸದ್ದು ಮಾಡದೇ ಹರಿಯುತ್ತದೆ, ಅದನ್ನು ಹೇಳಿದ ಕಿಲೋಮೀಟರ್‌ಗೆ ಬದಲಾಯಿಸಲೇಬೇಕು.

ಚೈನ್ "ಉದ್ದ ಆಗೋದು" ಅಂದ್ರೆ ಏನು?

"ಚೈನ್ ಜಗ್ಗೈತಿ" ಎಂದು ಮಿಸ್ತ್ರಿಗಳು ಹೇಳುತ್ತಾರೆ. ನಿಜದಲ್ಲಿ ಕಬ್ಬಿಣ ಜಗ್ಗುವುದಿಲ್ಲ. ಚೈನಿನ ಪ್ರತಿ ಗಂಟಿನಲ್ಲೂ ಒಂದು ಪಿನ್ ಇದೆ. ಆ ಪಿನ್ ಮತ್ತು ಅದರ ತೂತು ಉಜ್ಜಿ ಉಜ್ಜಿ ಸವೆಯುತ್ತವೆ. ಒಂದೊಂದು ಗಂಟಿನ ಸವೆತ ಕಣ್ಣಿಗೆ ಕಾಣದಷ್ಟು. ಎಲ್ಲ ಕೂಡಿದಾಗ ಚೈನ್ ಉದ್ದವಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಗಂಟಿನಿಂದ ಗಂಟಿಗೆ 8 ಮಿ.ಮೀ. ಇರುವ ಚೈನ್ ಅಂದುಕೊಳ್ಳಿ. ಕ್ಯಾಮ್ ಗಾಲಿಗೆ 40 ಹಲ್ಲು. ಎಳೆತ ಬೀಳುವ ಬದಿಯಲ್ಲಿ 40 ಗಂಟು. ಒಂದು ಗಂಟಿಗೆ 0.05 ಮಿ.ಮೀ. ಸವೆದರೆ, ಅಂದರೆ ತಲೆಗೂದಲಿಗಿಂತ ತೆಳು, ಆ ಬದಿ 2 ಮಿ.ಮೀ. ಉದ್ದವಾಯಿತು. ಗಾಲಿಯ ಸುತ್ತಳತೆ ಸುಮಾರು 320 ಮಿ.ಮೀ. ಹಾಗಾಗಿ ಕ್ಯಾಮ್ ಎರಡು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಹಿಂದೆ ಬೀಳುತ್ತದೆ. ಕ್ರ್ಯಾಂಕ್ ಲೆಕ್ಕದಲ್ಲಿ ಅದು ನಾಲ್ಕೂವರೆ ಡಿಗ್ರಿ. ವಾಲ್ವ್ ತಡವಾಗಿ ತೆರೆಯುತ್ತದೆ, ತಡವಾಗಿ ಮುಚ್ಚುತ್ತದೆ. ಪಿಕಪ್ ಕಡಿಮೆ, ಡೀಸೆಲ್ ಜಾಸ್ತಿ, ಚಳಿಯಲ್ಲಿ ಸ್ಟಾರ್ಟ್ ಆಗಲು ತಡ.

ಇದು ಹೇಗೋ ನಡೆಯುತ್ತದೆ. ಆದರೆ ಚೈನ್ ಒಂದು ಹಲ್ಲು ಹಾರಿದರೆ? ಅದೇ 40 ಹಲ್ಲಿನ ಗಾಲಿಯಲ್ಲಿ ಕ್ಯಾಮ್ 9 ಡಿಗ್ರಿ, ಕ್ರ್ಯಾಂಕ್ 18 ಡಿಗ್ರಿ ತಪ್ಪಿತು. ಎರಡು ಮೂರು ಹಲ್ಲು ಹಾರಿದರೆ ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ಇನ್ನೂ ತೆರೆದೇ ಇರುತ್ತದೆ. ಡೀಸೆಲ್ ಇಂಜಿನ್‌ನಲ್ಲಿ ಪಿಸ್ಟನ್ ಮತ್ತು ಹೆಡ್ ನಡುವೆ ಜಾಗ ಬಹಳ ಕಡಿಮೆ. ಬಡಿಯುತ್ತದೆ. ಗೆಳೆಯನ ಗಾಡಿಯಲ್ಲಿ ಆದದ್ದು ಇದೇ.

ನಮ್ಮ ಕಡೆ ಚೈನ್ ಯಾಕೆ ಬೇಗ ಸವೆಯುತ್ತದೆ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದಲ್ಲಿ ನಾವು ಗಾಡಿ ಬಳಸುವ ರೀತಿಯನ್ನೇ ನೋಡಿ.

- ಸಣ್ಣ ಓಡಾಟ. ತೋಟದಿಂದ ಊರಿಗೆ, ಊರಿಂದ ಸೊಸೈಟಿಗೆ. ಇಂಜಿನ್ ಸರಿಯಾಗಿ ಬಿಸಿಯಾಗುವುದರೊಳಗೆ ಬಂದ್. ಆಯಿಲ್‌ನಲ್ಲಿ ತೇವ ಮತ್ತು ಸುಡದ ಇಂಧನ ಉಳಿಯುತ್ತದೆ, ಆಯಿಲ್ ತೆಳ್ಳಗಾಗುತ್ತದೆ.
- ಹೇರುವಾಗ ಇಂಜಿನ್ ಚಾಲೂ. ಹಿರೇಕೆರೂರು ಕಡೆ ಮೆಕ್ಕೆಜೋಳದ ಚೀಲ ತುಂಬುವಾಗ, ಹಾನಗಲ್‌ನಲ್ಲಿ ಮಾವಿನ ಕ್ರೇಟ್ ಏರಿಸುವಾಗ ಅರ್ಧ ತಾಸು ಇಂಜಿನ್ ಸುಮ್ಮನೆ ಓಡುತ್ತಿರುತ್ತದೆ. ಮೀಟರ್‌ನಲ್ಲಿ ಕಿಲೋಮೀಟರ್ ಸೊನ್ನೆ, ಆದರೆ ಚೈನ್ ಸಾವಿರಾರು ಸುತ್ತು ತಿರುಗಿರುತ್ತದೆ. ಡೀಸೆಲ್ ಮಸಿ ಆಯಿಲ್ ಸೇರುತ್ತದೆ. ಆ ಮಸಿ ಪಿನ್‌ಗಳ ನಡುವೆ ಉಜ್ಜುಕಾಗದದ ಹಾಗೆ ಕೆಲಸ ಮಾಡುತ್ತದೆ.
- ದೂಳು. ಬೇಸಿಗೆಯಲ್ಲಿ ಎರೆ ಹೊಲದ ದಾರಿ. ಏರ್ ಫಿಲ್ಟರ್‌ನ ಮುಚ್ಚಳ ಸರಿಯಾಗಿ ಕೂತಿರದಿದ್ದರೆ ನುಣ್ಣಗಿನ ಮರಳು ಇಂಜಿನ್ ಒಳಗೆ, ಅಲ್ಲಿಂದ ಆಯಿಲ್‌ಗೆ.
- ಆಯಿಲ್ ಬದಲಿಸುವುದು ಮುಂದೂಡುವುದು. "ಈ ಟ್ರಿಪ್ ಮುಗೀಲಿ" ಎನ್ನುತ್ತಲೇ ಸೀಸನ್ ಮುಗಿಯುತ್ತದೆ. ಇದರಲ್ಲಿ ನಾನು ಮೊದಲ ಅಪರಾಧಿ.

ಗಮನಿಸಿ, ನಾಲ್ಕೂ ಕಾರಣ ಕಡೆಗೆ ಆಯಿಲ್‌ಗೇ ಬಂದು ನಿಲ್ಲುತ್ತವೆ. ಬೇರು ಕೊಳೆತರೆ ಎಲೆ ಹಳದಿಯಾಗುವ ಹಾಗೆ, ಚೈನಿನ ರೋಗದ ಬೇರು ಆಯಿಲ್‌ನಲ್ಲಿ.

ಸದ್ದು ಯಾವುದು, ಮೂಲ ಯಾವುದು?

ಒಂದು ಸದ್ದಿಗೆ ಹತ್ತು ಮೂಲ. ಕಳೆದ ವರ್ಷ ನಾನು ಟ್ಯಾಪೆಟ್ ಸೆಟ್ಟಿಂಗ್‌ಗೆ ಒಮ್ಮೆ, ಫ್ಯಾನ್ ಬೆಲ್ಟ್‌ಗೆ ಒಮ್ಮೆ ದುಡ್ಡು ಕೊಟ್ಟೆ. ಸದ್ದು ಹಾಗೇ ಇತ್ತು. ಕೊನೆಗೆ ಅಕ್ಕಿಆಲೂರು ಕಡೆಯ ವಯಸ್ಸಾದ ಮಿಸ್ತ್ರಿಯೊಬ್ಬರು ಬಾನೆಟ್ ತೆಗೆದು, ಕೈಯಲ್ಲಿ ಏನೂ ಹಿಡಿಯದೆ ಐದು ನಿಮಿಷ ಸುಮ್ಮನೆ ನಿಂತರು. "ತಮ್ಮಾ, ಮೊದ್ಲ ಕಿವಿ ಇಡಬೇಕು. ಪಾನಾ ಆಮ್ಯಾಲೆ ಹಿಡೀಬೇಕು" ಎಂದರು. ಅವರಿಂದ ಕಲಿತ ಗುರುತುಗಳು:

- ಟೈಮಿಂಗ್ ಚೈನ್: ತಗಡಿನ ಡಬ್ಬಿಯಲ್ಲಿ ಮೆಕ್ಕೆಜೋಳದ ಕಾಳು ಹಾಕಿ ಅಲ್ಲಾಡಿಸಿದಂತೆ ಕರಕರ, ಗಲಗಲ. ತಣ್ಣಗಿನ ಸ್ಟಾರ್ಟ್‌ನಲ್ಲಿ ಜೋರು. ಮುಂದುವರಿದ ಮೇಲೆ ನಿಂತಲ್ಲೇ ಓಡುವಾಗಲೂ, ಎಕ್ಸಿಲೇಟರ್ ಬಿಟ್ಟ ಕ್ಷಣದಲ್ಲೂ ಕೇಳುತ್ತದೆ.
- ಟ್ಯಾಪೆಟ್: ಟಿಕ್ ಟಿಕ್ ಟಿಕ್. ಹೊಲಿಗೆ ಯಂತ್ರದ ಹಾಗೆ ಒಂದೇ ತಾಳ, ಒಂದೊಂದು ಪೆಟ್ಟು ಬೇರೆ ಬೇರೆ ಕೇಳುತ್ತದೆ. ಇಂಜಿನ್ ತಲೆಯ ಮೇಲಿಂದ ಬರುತ್ತದೆ.
- ಆಲ್ಟರ್ನೇಟರ್, ವಾಟರ್ ಪಂಪ್ ಬೇರಿಂಗ್: ಗರ್ರ್ ಎಂಬ ಎಳೆದ ಸದ್ದು ಅಥವಾ ಕೀರಲು. ಇಂಜಿನ್‌ನ ಹೊರಗಿಂದ ಬರುತ್ತದೆ.
- ಬಿಗ್ ಎಂಡ್ ಬೇರಿಂಗ್: ಕೆಳಗಿಂದ ದಪ್ಪ ಢಕ್ ಢಕ್. ಲೋಡ್ ಹಾಕಿ ಏರು ಹತ್ತುವಾಗ ಜೋರು. ಇದು ಕೇಳಿದರೆ ಇಂಜಿನ್ ಆಗಲೇ ಬಂದ್ ಮಾಡಿ.
- ಇಂಜೆಕ್ಟರ್: ಗಟ್ಟಿ ಚಟಚಟ, ಜೊತೆಗೆ ಹೊಗೆ ಅಥವಾ ಒಂದು ಸಿಲಿಂಡರ್ ಮಿಸ್ಸಿಂಗ್.
- ಸೈಲೆನ್ಸರ್ ಮೇಲಿನ ತಗಡು: ಇದೂ ಕರಕರ ಎನ್ನುತ್ತದೆ, ಚೈನ್ ಎಂದು ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ಕಟ್ಟಿಗೆಯಿಂದ ಒತ್ತಿ ಹಿಡಿದಾಗ ಸದ್ದು ನಿಂತರೆ ಹತ್ತು ರೂಪಾಯಿಯ ನಟ್ ಸಾಕು.

ಮನೆಯಲ್ಲೇ ಮಾಡುವ ಪರೀಕ್ಷೆ: ಆರು ಹಂತ

ಮೊದಲು ಎಚ್ಚರಿಕೆ. ಹೆಗಲ ಮೇಲಿನ ಟವೆಲ್ ತೆಗೆದಿಡಿ, ತೋಳು ಮಡಚಿ. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಡಿ. ಮುಚ್ಚಿದ ಶೆಡ್‌ನಲ್ಲಿ ಇಂಜಿನ್ ಓಡಿಸಬೇಡಿ.

ಹಂತ 1: ಆಯಿಲ್ ಕಡ್ಡಿ. ಸಮತಟ್ಟು ಜಾಗ, ತಣ್ಣಗಿನ ಇಂಜಿನ್. ಆಯಿಲ್ ಕಡಿಮೆ ಇದ್ದರೆ ಟೆನ್ಷನರ್‌ಗೆ ಒತ್ತಡ ಸಾಲದು. ಮೊದಲು ಸರಿಯಾದ ದರ್ಜೆಯ ಆಯಿಲ್ ತುಂಬಿ, ಸದ್ದು ಹೋಗುತ್ತದೆಯೇ ನೋಡಿ. ಮೇಲಿನ ಗೆರೆ ದಾಟಿ ಏರಿದ್ದರೂ ತೊಂದರೆಯೇ. ಆಯಿಲ್‌ಗೆ ಡೀಸೆಲ್ ಸೇರಿರಬಹುದು. ಡಿಪಿಎಫ್ ಇರುವ ಬಿಎಸ್-6 ಡೀಸೆಲ್ ಗಾಡಿ ಬರೀ ಸಣ್ಣ ಓಡಾಟ ಮಾಡಿದರೆ ಹೀಗಾಗುತ್ತದೆ. ಕಡ್ಡಿ ಮೂಸಿ ನೋಡಿ, ಡೀಸೆಲ್ ವಾಸನೆ ಬಂದರೆ ಆಯಿಲ್ ಬದಲಿಸಿ.

ಹಂತ 2: ಮುಂಜಾನೆಯ ರೆಕಾರ್ಡಿಂಗ್. ರಾತ್ರಿಯಿಡೀ ನಿಂತ ಗಾಡಿ ಬೇಕು. ಎರಡು ಫೋನ್ ಇದ್ದರೆ ಒಳ್ಳೆಯದು. ಒಂದು ಡ್ಯಾಶ್‌ಬೋರ್ಡ್‌ನ ಕೆಂಪು ಆಯಿಲ್ ದೀಪ ತೋರಿಸುತ್ತಾ ವೀಡಿಯೋ ಮಾಡಲಿ, ಇನ್ನೊಂದು ಬಾನೆಟ್ ಬಳಿ ಸದ್ದು ಹಿಡಿಯಲಿ. ಎಕ್ಸಿಲೇಟರ್ ಒತ್ತದೇ ಸ್ಟಾರ್ಟ್ ಮಾಡಿ. ಸದ್ದು ಎಷ್ಟು ಸೆಕೆಂಡು ಇತ್ತು? ದೀಪ ಆರಿದ ಕೂಡಲೇ ಸದ್ದೂ ನಿಂತಿತೇ? ಹಾಗಿದ್ದರೆ ರಾತ್ರಿ ಟೆನ್ಷನರ್‌ನಿಂದ ಆಯಿಲ್ ಇಳಿದುಹೋಗುತ್ತಿದೆ, ಒತ್ತಡ ಬಂದ ಮೇಲೆ ಬಿಗಿಯಾಗುತ್ತಿದೆ. ಮೂರು ದಿನ ರೆಕಾರ್ಡ್ ಮಾಡಿ ತಾರೀಖು ಹಾಕಿ ಇಟ್ಟುಕೊಳ್ಳಿ. ತಿಂಗಳು ಬಿಟ್ಟು ಮತ್ತೆ ಮಾಡಿ ಹೋಲಿಸಿ. ಗ್ಯಾರೇಜ್ ಮುಟ್ಟುವಷ್ಟರಲ್ಲಿ ಇಂಜಿನ್ ಬಿಸಿಯಾಗಿ ಸದ್ದು ಅಡಗಿರುತ್ತದೆ, ಆಗ ಈ ರೆಕಾರ್ಡಿಂಗ್ ನಿಮ್ಮ ಸಾಕ್ಷಿ.

ಒಂದು ಮಾತು: ಕಳಪೆ ಆಯಿಲ್ ಫಿಲ್ಟರ್‌ನಿಂದಲೂ ಇಂಥದೇ ಸದ್ದು ಬರಬಹುದು. ಫಿಲ್ಟರ್ ಒಳಗಿನ ರಬ್ಬರ್ ವಾಲ್ವ್ ಆಯಿಲ್ ಹಿಂದೆ ಹರಿಯದಂತೆ ತಡೆಯಬೇಕು. ಅದು ಕೆಟ್ಟಿದ್ದರೆ ಮುಂಜಾನೆ ಒತ್ತಡ ಬರಲು ತಡ. ಹಾಗಾಗಿ ಚೈನ್ ಬಿಚ್ಚುವ ಮೊದಲು ಒರಿಜಿನಲ್ ಫಿಲ್ಟರ್, ಹೊಸ ಆಯಿಲ್ ಹಾಕಿ ನೋಡುವುದು ಕಡಿಮೆ ಖರ್ಚಿನ ಪರೀಕ್ಷೆ.

ಹಂತ 3: ಕಂಬಿ ಇಟ್ಟು ಕೇಳುವುದು. ಉದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯನ್ನು ಇಂಜಿನ್ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹತ್ತಿರದ ಎಲುಬಿಗೆ ಆನಿಸಿ. ತಿರುಗುವ ಬೆಲ್ಟ್, ಫ್ಯಾನ್‌ನಿಂದ ದೂರ ಇರಲಿ. ಚೈನ್ ಕವರ್ ಮೇಲೆ, ಟ್ಯಾಪೆಟ್ ಕವರ್ ಮೇಲೆ, ಆಲ್ಟರ್ನೇಟರ್ ಮೈ ಮೇಲೆ ಒಂದೊಂದಾಗಿ ಇಟ್ಟು ಕೇಳಿ. ಎಲ್ಲಿ ಜೋರೋ ಅಲ್ಲೇ ಮೂಲ. ಬಹಳಷ್ಟು ಇಂಜಿನ್‌ಗಳಲ್ಲಿ ಚೈನ್ ಇರುವುದು ಬೆಲ್ಟ್ ಇರುವ ಮುಂಬದಿಯಲ್ಲಿ. ಕೆಲವದರಲ್ಲಿ ಗೇರ್‌ಬಾಕ್ಸ್ ಕಡೆ.

ಹಂತ 4: ಬೆಲ್ಟ್ ಬಿಚ್ಚಿ ನೋಡುವುದು. ಅನುಮಾನ ಉಳಿದರೆ ಹೊರಗಿನ ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಮಾತ್ರ ಇಂಜಿನ್ ಓಡಿಸಿ. ಸದ್ದು ಹೋದರೆ ತಪ್ಪು ಆಲ್ಟರ್ನೇಟರ್, ವಾಟರ್ ಪಂಪ್ ಅಥವಾ ಪುಲ್ಲಿಯದು. ಹಾಗೇ ಇದ್ದರೆ ಇಂಜಿನ್ ಒಳಗಿನದು. ಇಂಜಿನ್ ತಣ್ಣಗಿರುವಾಗ ಮಾತ್ರ ಇದನ್ನು ಮಾಡಿ, ಯಾಕೆಂದರೆ ವಾಟರ್ ಪಂಪ್ ನಿಂತಿರಬಹುದು. ಬೆಲ್ಟ್ ಇಲ್ಲದೆ ಗಾಡಿಯನ್ನು ರಸ್ತೆಗೆ ಇಳಿಸಲೇಬೇಡಿ. ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಬ್ರೇಕ್‌ಗೆ ಬೇಕಾದ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಹಿಂದೆಯೇ ಇರುತ್ತದೆ.

ಹಂತ 5: ಸ್ಕ್ಯಾನರ್. 1 ಏಪ್ರಿಲ್ 2020ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಸ್ಟೇರಿಂಗ್ ಕೆಳಗೆ ಓಬಿಡಿ ಸಾಕೆಟ್ ಸಿಗುತ್ತದೆ, ಅದಕ್ಕೂ ಹಿಂದಿನ ಕೆಲವದರಲ್ಲೂ ಇದೆ. ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಫೋನ್‌ನಲ್ಲೇ ಕೋಡ್ ಓದಬಹುದು. ನಾಲ್ಕು ಗೆಳೆಯರು ಸೇರಿ ಒಂದು ತೆಗೆದುಕೊಂಡರೂ ಸಾಕು. ಪಿ0016 ಎಂಬ ಕೋಡ್ ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಒಂದಕ್ಕೊಂದು ತಾಳೆ ಆಗುತ್ತಿಲ್ಲ ಎಂದು ಅರ್ಥ. ಪಿ0340, ಪಿ0341 ಕ್ಯಾಮ್ ಸೆನ್ಸರ್‌ಗೆ, ಪಿ0335 ಕ್ರ್ಯಾಂಕ್ ಸೆನ್ಸರ್‌ಗೆ ಸಂಬಂಧಿಸಿದ್ದು. ಆದರೆ ಕೋಡ್ ಬಂದಾಕ್ಷಣ ಚೈನ್ ಹೋಗಿದೆ ಎಂದಲ್ಲ, ವೈರ್ ಅಥವಾ ಸೆನ್ಸರ್ ಕೆಟ್ಟರೂ ಬರುತ್ತದೆ. ಸದ್ದೂ ಇದೆ, ಪಿ0016 ಕೂಡ ಇದೆ ಎಂದರೆ ಮಾತ್ರ ಅನುಮಾನ ಗಟ್ಟಿ. ಕೋಡ್ ಇಲ್ಲದ ಮಾತ್ರಕ್ಕೆ ಚೈನ್ ಚೆನ್ನಾಗಿದೆ ಎಂದೂ ಅಲ್ಲ.

ಹಂತ 6: ಹಳೆ ಆಯಿಲ್ ಸೋಸಿ ನೋಡುವುದು. ಆಯಿಲ್ ಬದಲಿಸುವಾಗ ಹಳೆಯದನ್ನು ಬಿಳಿ ಬಟ್ಟೆಯಲ್ಲಿ ಸೋಸಿ. ಆಯಸ್ಕಾಂತ ಆಡಿಸಿ ಕಬ್ಬಿಣದ ಚೂರು ಹತ್ತುತ್ತದೆಯೇ ನೋಡಿ. ಹಳೆ ಫಿಲ್ಟರ್ ಕೊಯ್ದು ಕಾಗದದ ಮಡಿಕೆ ಬಿಡಿಸಿ. ಕಪ್ಪು ಅಥವಾ ಕಂದು ಪ್ಲಾಸ್ಟಿಕ್ ಚೂರು ಸಿಕ್ಕರೆ ಅದು ಬಹುತೇಕ ಚೈನ್ ಗೈಡ್‌ನದು. ಸೋಸಿದ ಮೇಲೆ ಆ ಆಯಿಲ್ ಹೊಲಕ್ಕೆ, ಕಾಲುವೆಗೆ ಚೆಲ್ಲಬೇಡಿ. ಕ್ಯಾನ್‌ಗೆ ತುಂಬಿ ಗ್ಯಾರೇಜ್‌ಗೆ ಕೊಡಿ. ಮಣ್ಣಿನಲ್ಲಿ ಅದು ಎಷ್ಟೋ ವರ್ಷ ಉಳಿಯುತ್ತದೆ.

ಮಾಡಬಾರದ ಕೆಲಸ ಎರಡು. ಕಾಮನ್ ರೈಲ್ ಡೀಸೆಲ್‌ನಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ ಸದ್ದು ಪರೀಕ್ಷಿಸುವ ಹಳೆ ಪದ್ಧತಿ ಬೇಡ. ಅಲ್ಲಿನ ಒತ್ತಡ 1000 ಬಾರ್ ಮೀರುತ್ತದೆ, ಡೀಸೆಲ್ ಚಿಮ್ಮಿ ಚರ್ಮದ ಒಳಗೇ ಹೋಗುತ್ತದೆ. ಎರಡನೆಯದು, ಕ್ರ್ಯಾಂಕ್ ಬೋಲ್ಟ್‌ಗೆ ಪಾನಾ ಹಾಕಿ ಇಂಜಿನ್ ಉಲ್ಟಾ ತಿರುಗಿಸಬೇಡಿ. ಟೆನ್ಷನರ್ ಸೋತಿದ್ದರೆ ಅಲ್ಲೇ ಹಲ್ಲು ಹಾರುತ್ತದೆ.

ಈಗ ಏನು ಮಾಡಬೇಕು?

- ಮುಂಜಾನೆ ಒಂದೆರಡು ಸೆಕೆಂಡು ಮಾತ್ರ, ಆಮೇಲೆ ಪೂರ್ತಿ ಶಾಂತ: ಆಯಿಲ್, ಫಿಲ್ಟರ್ ಬದಲಿಸಿ, ರೆಕಾರ್ಡ್ ಮಾಡುತ್ತಿರಿ. ಸದ್ದು ಬೆಳೆಯುತ್ತಿದ್ದರೆ ಟೆನ್ಷನರ್ ನೋಡಿಸಿ.
- ಐದಾರು ಸೆಕೆಂಡು ದಾಟುತ್ತಿದೆ, ಅಥವಾ ಬಿಸಿಯಾದ ಮೇಲೂ ಆಗಾಗ ಕೇಳುತ್ತದೆ: ದೂರದ ಲೋಡ್ ಒಪ್ಪಿಕೊಳ್ಳಬೇಡಿ. ಆ ವಾರದಲ್ಲೇ ಕವರ್ ಬಿಚ್ಚಿಸಿ.
- ನಿರಂತರ ಸದ್ದು, ಜೊತೆಗೆ ಪಿ0016, ಅಥವಾ ಆಯಿಲ್‌ನಲ್ಲಿ ಪ್ಲಾಸ್ಟಿಕ್, ಲೋಹದ ಚೂರು: ಓಡಿಸಬೇಡಿ. ಎಳೆಸಿಕೊಂಡು ಹೋಗಿ, ಗಾಡಿ ನ್ಯೂಟ್ರಲ್‌ನಲ್ಲಿ ಇರಲಿ.
- ಓಡುತ್ತಿದ್ದ ಇಂಜಿನ್ ಒಮ್ಮೆಲೇ ನಿಂತು, ಸೆಲ್ಫ್ ಹೊಡೆದಾಗ ಎಂದಿಗಿಂತ ಹಗುರಾಗಿ ತಿರುಗುತ್ತಿದೆ: ಮತ್ತೆ ಸೆಲ್ಫ್ ಹೊಡೆಯಬೇಡಿ, ದೂಡಿ ಸ್ಟಾರ್ಟ್ ಮಾಡಬೇಡಿ. ಇನ್ನೂ ಬಾಗದ ವಾಲ್ವ್ ಇದ್ದರೆ ಅದೂ ಬಾಗುತ್ತದೆ.

ಗ್ಯಾರೇಜ್‌ನಲ್ಲಿ ಏನು ಕೇಳಬೇಕು?

ನನ್ನ ಗಾಡಿಯ ಕವರ್ ಬಿಚ್ಚಿದಾಗ ಒಂದು ಗೈಡ್ ಅರ್ಧಕ್ಕೆ ಮುರಿದಿತ್ತು. ಚೂರುಗಳು ಆಯಿಲ್ ಚೇಂಬರ್‌ನ ಜಾಲರಿಯಲ್ಲಿ ಸಿಕ್ಕಿದವು. ಟೆನ್ಷನರ್‌ನ ಪಿಸ್ಟನ್ ಪೂರ್ತಿ ಹೊರಗೆ ಬಂದಿತ್ತು, ಅಂದರೆ ಇನ್ನು ಬಿಗಿ ಮಾಡಲು ಅದರಲ್ಲಿ ಜಾಗವೇ ಇರಲಿಲ್ಲ. ಹೊಸ ಚೈನ್ ಪಕ್ಕದಲ್ಲಿ ಹಳೆಯದನ್ನು ನೇತುಹಾಕಿ ನೋಡಿದೆವು. ವ್ಯತ್ಯಾಸ ಕಣ್ಣಿಗೇ ಕಂಡಿತು. ಮಿಸ್ತ್ರಿ ನಕ್ಕು, "ಇನ್ನೊಂದು ಸೀಸನ್ ತಡೀತಿರ್ಲಿಲ್ಲ" ಎಂದರು. ನೀವೂ ಇವನ್ನು ಕೇಳಿ:

1. ಚೈನ್ ಒಂದನ್ನೇ ಬದಲಿಸಬೇಡಿ. ಚೈನ್, ಗೈಡ್‌ಗಳು, ಟೆನ್ಷನರ್, ಹಲ್ಲಿನ ಗಾಲಿಗಳು ಒಟ್ಟಿಗೆ ಬದಲಾಗಲಿ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಬೇಗ ಹಾಳಾಗುತ್ತದೆ. ಕವರ್ ಬಿಚ್ಚುವ ಕೂಲಿ ಎರಡು ಸಲ ಕೊಡುವುದು ಯಾಕೆ?
2. ಒಮ್ಮೆ ಬಿಚ್ಚಿದರೆ ಬದಲಿಸಲೇಬೇಕು ಎಂದು ಕಂಪನಿ ಹೇಳಿದ ಬೋಲ್ಟ್‌ಗಳು ಹೊಸವೇ ಇರಲಿ. ಟಾರ್ಕ್ ವ್ರೆಂಚ್‌ನಿಂದ ಬಿಗಿಯಲಿ.
3. ಆಯಿಲ್ ಚೇಂಬರ್ ಇಳಿಸಿ ಜಾಲರಿ ತೊಳೆಸಿ. ಕವರ್‌ಗೆ ಹಚ್ಚುವ ಗಮ್ ಮಿತಿಯಲ್ಲಿರಲಿ. ಹೆಚ್ಚಾದ ಗಮ್ ಒಳಗೆ ಉದುರಿ ಜಾಲರಿ ಕಟ್ಟುತ್ತದೆ, ಆಯಿಲ್ ಒತ್ತಡ ಬೀಳುತ್ತದೆ, ಹೊಸ ಚೈನಿಗೂ ಅದೇ ಗತಿ.
4. ಗುರುತು ಸೇರಿಸಿದ ಮೇಲೆ ಸೆಲ್ಫ್ ಹೊಡೆಯುವ ಮೊದಲು ಕೈಯಿಂದ, ಇಂಜಿನ್ ತಿರುಗುವ ದಿಕ್ಕಿನಲ್ಲೇ, ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತು ಮತ್ತೆ ನೋಡಲಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಬೇಕು.
5. ಹಳೆ ಸಾಮಾನು ನಿಮ್ಮ ಕೈಗೆ ಕೊಡಲಿ.

ಕೆಲಸ ಮುಗಿದ ಮರುದಿನ ಮುಂಜಾನೆ ಮತ್ತೆ ರೆಕಾರ್ಡ್ ಮಾಡಿ. ಮೊದಲ ಸ್ಟಾರ್ಟ್‌ನಲ್ಲಿ ಟೆನ್ಷನರ್ ತುಂಬುವವರೆಗೆ ಸ್ವಲ್ಪ ಸದ್ದು ಸಹಜ. ಆಮೇಲೂ ಉಳಿಯಬಾರದು.

ಬರದಂತೆ ನೋಡಿಕೊಳ್ಳುವುದು

- ಕೈಪಿಡಿಯಲ್ಲಿ ಆಯಿಲ್ ಬದಲಿಸಲು ಎರಡು ಅವಧಿ ಕೊಟ್ಟಿರುತ್ತಾರೆ, ಸಾಮಾನ್ಯ ಬಳಕೆಗೆ ಒಂದು, ಕಠಿಣ ಬಳಕೆಗೆ ಒಂದು. ದೂಳು, ಲೋಡ್, ಸಣ್ಣ ಓಡಾಟ ಮೂರೂ ಇರುವ ನಮ್ಮದು ಕಠಿಣ ಬಳಕೆ. ಚಿಕ್ಕ ಅವಧಿಯನ್ನೇ ಪಾಲಿಸಿ. ಕಿಲೋಮೀಟರ್ ಆಗದಿದ್ದರೂ ತಿಂಗಳ ಲೆಕ್ಕ ನೋಡಿ.
- ಕೈಪಿಡಿ ಹೇಳಿದ ದರ್ಜೆಯ ಆಯಿಲ್ ಮಾತ್ರ. ಪೆಟ್ರೋಲ್ ಇಂಜಿನ್‌ಗೆ 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯಲ್ಲಿ ಟೈಮಿಂಗ್ ಚೈನ್ ಸವೆತದ ಪರೀಕ್ಷೆಯೂ ಸೇರಿದೆ. ಡಿಪಿಎಫ್ ಇರುವ ಡೀಸೆಲ್‌ಗೆ ಬೂದಿ ಕಡಿಮೆ ಇರುವ ಆಯಿಲ್ ಬೇಕು. ಟ್ರ್ಯಾಕ್ಟರ್‌ಗೆ ತಂದ ಆಯಿಲ್ ಉಳಿದಿದೆ ಎಂದು ಪಿಕಪ್‌ಗೆ ಸುರಿಯಬೇಡಿ.
- ಸ್ಟಾರ್ಟ್ ಆದ ಕೂಡಲೇ ರೇಸ್ ಮಾಡಬೇಡಿ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಡಿ.
- ಲೋಡ್ ತುಂಬುವಾಗ ಇಂಜಿನ್ ಬಂದ್.
- ಇಳಿಜಾರಿನಲ್ಲಿ ಬರೀ ಗೇರ್ ನಂಬಿ ನಿಲ್ಲಿಸಬೇಡಿ. ಗಾಡಿ ಜಾರಿದರೆ ಇಂಜಿನ್ ಉಲ್ಟಾ ತಿರುಗಬಹುದು. ಮೊದಲು ಹ್ಯಾಂಡ್ ಬ್ರೇಕ್, ಗಾಲಿಗೆ ಕಲ್ಲು, ಆಮೇಲೆ ಗೇರ್.

ಕೊನೆಗೆ, ಕಾಲ ನೋಡಿ ಕೆಲಸ ಮಾಡಿ. ಮಾವಿನವರು ಕೊಯ್ಲಿಗೆ ಮುಂಚೆ, ಫೆಬ್ರವರಿಯಲ್ಲೇ ಈ ಆರು ಹಂತ ಮುಗಿಸಿ. ಮುಂಗಾರಿ ಮೆಕ್ಕೆಜೋಳದವರು ಸೆಪ್ಟೆಂಬರ್‌ನಲ್ಲಿ. ಎಲೆ, ತರಕಾರಿಯವರಿಗೆ ಸೀಸನ್ ಎಂಬುದೇ ಇಲ್ಲ, ಹಾಗಾಗಿ ಪ್ರತಿ ಆಯಿಲ್ ಬದಲಿಗೊಮ್ಮೆ. ಚೈನ್ ಸೆಟ್‌ಗೆ ನಾನು ಕೊಟ್ಟದ್ದು ನನ್ನ ಗೆಳೆಯ ಹೆಡ್ ಕೆಲಸಕ್ಕೆ ಕೊಟ್ಟದ್ದರ ಮೂರನೇ ಒಂದು ಪಾಲೂ ಆಗಲಿಲ್ಲ. ಅವನ ಮೂರು ವಾರದ ಬಾಡಿಗೆ ಅದರಲ್ಲಿ ಸೇರಿಲ್ಲ.

ಈಗ ಯಾರಾದರೂ ಸದ್ದಿನ ಆಡಿಯೋ ಕಳಿಸಿ "ಏನಿರಬೇಕು ಅಣ್ಣಾ" ಎಂದರೆ ನಾನು ಊಹೆ ಹೇಳುವುದಿಲ್ಲ. "ಆಯಿಲ್ ಕಡ್ಡಿ ನೋಡಿದ್ಯಾ? ಎಷ್ಟು ಸೆಕೆಂಡ್ ಬರತೈತಿ? ಕಂಬಿ ಇಟ್ಟು ಕೇಳಿದ್ಯಾ?" ಎಂದು ಕೇಳುತ್ತೇನೆ. ಸವಣೂರಿನ ಗೆಳೆಯ ಮೊನ್ನೆ ಮತ್ತೊಂದು ಆಡಿಯೋ ಕಳಿಸಿದ್ದ. ಹೊಸ ಚೈನ್ ಹಾಕಿದ ಇಂಜಿನ್, ಮುಂಜಾನೆ ಐದಕ್ಕೆ ಸ್ಟಾರ್ಟ್ ಮಾಡಿದ್ದು. ಇಂಜಿನ್ ಗುಡುಗುಡು ಬಿಟ್ಟರೆ ಬೇರೆ ಸದ್ದು ಇರಲಿಲ್ಲ. ಎರಡು ಸಲ ಕೇಳಿದೆ.

ಮುಂದಿನ ವಾರ ಮತ್ತೆ ತೋಟಕ್ಕೆ: ಮಾವಿನ ಗಿಡಕ್ಕೆ ಬೇಸಿಗೆಯ ಹೊದಿಕೆ ಯಾವಾಗ, ಎಷ್ಟು ದಪ್ಪ.